ಒತ್ತಿ ಹೇಳಿದ ಮಾತು

ಮೊನ್ನೆ ಬೈಲಹೊಂಗಲದ ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು ನಶ್ಯದ ಡಬ್ಬಿ ತೆಗೆದರು. ಆ ಖಾರ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಹಿರಿಯ ಮಾಸ್ತರರು ಕಣ್ಣ ಮುಂದೆ ಬಂದು ನಿಂತರು... ಮಾಸಿದ ಕರೀ ಕೋಟು, ಮಡಿಸಿದ ಶಲ್ಯ, ಬೆರಳ ತುದಿಯಲ್ಲಿ ಚಿಟಿಕೆ ನಶ್ಯ.

ನಾನಾಗ ಸಂಪಗಾಂವದ ಸಾಲಿಗೆ ಹೊಸದಾಗಿ ಬಂದ ಸಹಾಯಕ ಮಾಸ್ತರ. ಊರಲ್ಲಿ ಇಂಗ್ಲಿಷ್ ಬಲ್ಲವರೆಂದರೆ ಅವರೊಬ್ಬರೇ. ಧಾರವಾಡದಲ್ಲಿ ಒಂದಿಷ್ಟು ಕಲಿತಿದ್ದರು, ಉಳಿದದ್ದು ಹಟದಿಂದ ಗಳಿಸಿಕೊಂಡದ್ದು. ಸಂಜೆ ತಮ್ಮ ಮನೆಯ ಕಟ್ಟೆಯ ಮೇಲೆ ಕೂಡಿಸಿಕೊಂಡು ನನಗೂ ಕಲಿಸುತ್ತಿದ್ದರು. ಬರೀ 'ಗುಡ್' ಎಂದರೆ ಅವರಿಗೆ ಸಪ್ಪೆ, 'ವೆರಿ ಗುಡ್' ಅನ್ನಬೇಕು. 'ವೆರಿ'ಗಿಂತ 'ಮೋಸ್ಟ್' ಮೇಲು.

"ನಾವು ಭಾಳ ಅಂತೇವಿ, ಅಗದೀ ಅಂತೇವಿ. ಇಂಗ್ಲೀಷಿನ್ಯಾಗೂ ಹಂಗ ಒತ್ತು ಕೊಡಬೇಕು. ಶಬ್ದದ ಬಾಲಕ್ಕ ಒಂದು 'ಲಿ' ಹಚ್ಚಿ ನೋಡ್ರಿ, ಮಾತು ಹೆಂಗ ಎದ್ದು ನಿಂದರ್ತದ!" ಎನ್ನುತ್ತಿದ್ದರು. ಹೇಳುವಾಗ ಮುಖ ಅರಳುತ್ತಿತ್ತು.

ಆ ಬೇಸಿಗೆಯಲ್ಲಿ ಊರ ಹೊರಗಿನ ಕೇರಿಯವನೊಬ್ಬ ಗೌಡರ ಹೊಲದ ಬಾವಿಗಿಳಿದು ಒಂದು ಕೊಡ ನೀರು ತಂದ. ಕೇರಿಯವರು ಆ ಬಾವಿ ಮುಟ್ಟುವಂತಿರಲಿಲ್ಲ. ಗೌಡರ ಆಳುಗಳು ಅವನನ್ನು ಹಾದಿಯಲ್ಲೇ ಕೆಡವಿ ಬಡಿದರು. ಅವನು ಮತ್ತೆ ಎದ್ದು ಕೂಡಲಿಲ್ಲ. ಗಾಡಿಯಲ್ಲಿ ಹಾಕಿ ಒಯ್ಯುವ ಹಾಗೂ ಇರಲಿಲ್ಲ, ಮುಟ್ಟಿದರೆ ಚೀರುತ್ತಿದ್ದ.

ಅದೇ ವಾರ ಊರೂರು ತಿರುಗಿ ದೂರು ಕೇಳುವ ಹೊಸ ಸಾಹೇಬ ಬಂದು ಮಾವಿನ ತೋಪಿನಲ್ಲಿ ಗುಡಾರ ಹೊಡೆದ. ವಿಲಾಯತಿಯಿಂದ ಆಗಷ್ಟೇ ಬಂದ ಹರೆಯದವನು, ಕನ್ನಡ ಬಾರದು. ದುಭಾಷಿ ಜ್ವರ ಬಂದು ಮಲಗಿದ್ದ. ಗಾಯಗೊಂಡವನ ಹೆಂಡತಿ ನಮ್ಮ ಮಾಸ್ತರರ ಅಂಗಳದಲ್ಲಿ ಬಂದು ನಿಂತಳು.

"ಸಾಹೇಬ್ರ ಮುಂದ ನನ್ನ ಮಾತು ನೀವ ಹೇಳ್ರಿ. ನನಗ ಮತ್ಯಾರೂ ಇಲ್ರಿ."

ಗೌಡರ ವಿರುದ್ಧ ಬಾಯಿ ತೆರೆಯುವುದೆಂದರೆ ಆ ಊರಲ್ಲಿ ಸಣ್ಣ ಮಾತಲ್ಲ. ಮಾಸ್ತರರ ಹೆಂಡತಿ ಬಾಗಿಲ ಮರೆಯಿಂದಲೇ ಬೇಡವೆಂದರು. ಮಾಸ್ತರರು ಕೋಟು ಹಾಕಿಕೊಂಡು ಹೊರಟೇಬಿಟ್ಟರು. ನಾನೂ ಜೊತೆಗೆ ಹೋದೆ.

ಗುಡಾರದ ಮುಂದೆ ಗೌಡರಿಗೆ ಕುರ್ಚಿ ಹಾಕಿದ್ದರು. ಸಾಹೇಬನ ಅಡಿಗೆಗೆ ಹಾಲು, ಕೋಳಿ, ಕಟ್ಟಿಗೆ ಎಲ್ಲವೂ ಅವರ ಮನೆಯದೇ. ಆಕೆ ದೂರ ನಿಂತು ಸೆರಗೊಡ್ಡಿದಳು.

"ಅಗದೀ ಜೋರಲೆ ಬಡದಾರ್ರಿ ಸಾಹೇಬ್ರ. ಭಾಳ ನರಳಾಕ ಹತ್ಯಾನ್ರಿ. ಒಮ್ಮೆ ಬಂದು ಕಣ್ಣಲೆ ನೋಡ್ರಿ, ಸಾಕು."

ಮಾಸ್ತರರು ಎದೆ ಸೆಟೆಸಿ ಇಂಗ್ಲಿಷಿನಲ್ಲಿ ಹೇಳಿದರು. 'ಹಾರ್ಡ್' ಎಂದರೆ ಜೋರು. ಅದಕ್ಕೆ ತಮ್ಮ 'ಲಿ' ಹಚ್ಚಿದರು. "ದೇ ಹಾರ್ಡ್ಲಿ ಬೀಟ್ ಹಿಮ್, ಸರ್. ಹಿ ಹಾರ್ಡ್ಲಿ ಸಫರ್ಸ್."

ಸಾಹೇಬ ಹುಬ್ಬೇರಿಸಿದ. "ಹಾರ್ಡ್ಲಿ?"

ಕ್ರೌರ್ಯ ಕೇಳಿ ಸಾಹೇಬ ಬೆಚ್ಚಿದನೆಂದೇ ಮಾಸ್ತರರು ತಿಳಿದರು. "ಯಸ್ ಸರ್, ಹಾರ್ಡ್ಲಿ! ಮೋಸ್ಟ್ ಹಾರ್ಡ್ಲಿ!" ಎಂದರು.

ಸಾಹೇಬ ನಕ್ಕ. ಗೌಡರ ಕಡೆ ಬೆರಳಾಡಿಸಿ ಏನೋ ಹಗುರಾಗಿ ಗದರಿದ, ಆಮೇಲೆ ಎದ್ದು ಒಳಗೆ ಹೋದ. ಅಷ್ಟೇ.

ಆಕೆ ಹಾದಿಯುದ್ದಕ್ಕೂ ಕೇಳಿದಳು. "ನಾ ಹೇಳಿದ್ದ ಹೇಳಿದ್ರೇನ್ರಿ ಮಾಸ್ತರ?"

"ಹೇಳೇನವಾ. ಅಗದೀ ಒತ್ತಿ ಹೇಳೇನಿ."

ಮರುದಿನ ಗೌಡರ ಮನೆಯಿಂದ ಮಾಸ್ತರರಿಗೆ ತಲೆಗೆ ಸುತ್ತುವ ಒಂದು ಜರಿ ರುಮಾಲು ಬಂತು. ತಂದವನು ಬೆಳಗಾವಿಯಲ್ಲಿ ಓದುತ್ತಿದ್ದ ಗೌಡರ ಅಳಿಯ. ಇದು ಯಾಕೆಂದು ಮಾಸ್ತರರು ಕೇಳಿದರು. ಅವನು ಕಟ್ಟೆಯ ಮೇಲೆ ಕೂತು ಹೊಟ್ಟೆ ಹಿಡಿದು ನಕ್ಕ.

"ಹಾರ್ಡ್ಲಿ ಅಂದ್ರ ಜೋರಲೆ ಅಂತಲ್ರಿ ಮಾಸ್ತರ. ಬಡದೇ ಇಲ್ಲ ಅನ್ನೂವಷ್ಟು ಕಮ್ಮಿ ಅಂತ! ನಮ್ಮ ಮಾವನ್ನ ಉಳಿಸಿದವರು ನೀವ!"

ಮಾಸ್ತರರು ರುಮಾಲನ್ನು ಅವನ ಕಾಲ ಬಳಿ ಎಸೆದು ಒಳಗೆ ಹೋಗಿ ಡಿಕ್ಷನರಿ ತೆರೆದರು. ಅವರ ಬೆನ್ನು ಬಾಗಿದ್ದು ನನಗೆ ಹೊರಗಿಂದಲೇ ಕಾಣಿಸಿತು...

ಅಷ್ಟರಲ್ಲಿ ಸಾಹೇಬನ ಗುಡಾರ ಕಿತ್ತೂರಿಗೆ ಎದ್ದುಹೋಗಿತ್ತು. ಆ ಬಿಸಿಲಲ್ಲಿ ಇಬ್ಬರೂ ನಡೆದುಕೊಂಡೇ ಹೋದೆವು. ತಪ್ಪು ತಮ್ಮದೆಂದು ಮಾಸ್ತರರು ಕೈ ಜೋಡಿಸಿ ಹೇಳಿದರು. ಸಾಹೇಬ ಪೂರ್ತಿ ಕೇಳಿಸಿಕೊಂಡ. "ವೆರಿ ಸಾರಿ" ಎಂದ. "ವೆರಿ, ವೆರಿ ಸಾರಿ." ತೀರ್ಮಾನ ಮುಗಿದ ಮೇಲೆ ತಿರುಗಿಸಲಾಗದಂತೆ. ಆಮೇಲೆ ಕುದುರೆ ಹತ್ತಿದ.

ನಾವು ತಿರುಗಿ ಬರುವುದರೊಳಗೆ ಕೇರಿಯಲ್ಲಿ ಹೆಣ ಎತ್ತಿದ್ದರು. ಮಾಸ್ತರರು ಕೇರಿಯೊಳಗೇ ಹೋಗಿ ಆಕೆಯ ಮುಂದೆ ಎಲ್ಲವನ್ನೂ ಒಪ್ಪಿಕೊಂಡರು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು.

"ಅವಗ ನಿಮ್ಮ ಮಾತು ತಿಳೀಲಿಲ್ಲ, ಆತು. ನಾ ಅಳೂದು ಕಾಣ್ತಿತ್ತಲ್ರಿ ಅವಗ?"

ಆಕೆಯ ಅತ್ತು ಬಾತುಹೋದ ಮುಖ ಸಾಹೇಬನಿಂದ ನಾಲ್ಕು ಮಾರು ದೂರದಲ್ಲಿತ್ತು. ಕೇರಿ ಅಲ್ಲಿಂದ ಕೂಗಳತೆ. ನಮ್ಮ ಮಾಸ್ತರರ ಒಂದು ತಪ್ಪು ಶಬ್ದ ಸಾಹೇಬನಿಗೆ ಸಾಕಾಯಿತು, ಯಾಕೆಂದರೆ ಅವನಿಗೆ ಬೇಕಾಗಿದ್ದೂ ಅದೇ. ಇದನ್ನು ನಾನು ಮಾಸ್ತರರಿಗೆ ಹೇಳಿದೆ. ಅವರು ತಲೆಯಾಡಿಸಿದರು, ಒಪ್ಪಲಿಲ್ಲ.

ಆಕೆ ರಾಮದುರ್ಗದ ಕಡೆಯ ತವರಿಗೆ ಹೋದಳಂತೆ. ಮಾಸ್ತರರು ಇಂಗ್ಲಿಷ್ ಕಲಿಸುವುದನ್ನು ಬಿಟ್ಟರು. ಕನ್ನಡದಲ್ಲೂ ಅವರ ಬಾಯಿಂದ 'ಭಾಳ', 'ಅಗದೀ' ಹೊರಡಲಿಲ್ಲ. ಪ್ಲೇಗು ಬಂದು ಊರು ಖಾಲಿಯಾದ ವರ್ಷ ಅವರು ಹೊಲದ ಗುಡಿಸಿಲಲ್ಲಿ ಗಡ್ಡೆ ಎದ್ದು ಮಲಗಿದ್ದಾಗ, ಹೇಗಿದೆಯೆಂದು ಹೊರಗೆ ನಿಂತು ಕೇಳಿದೆ.

"ನೋವೈತಿ" ಎಂದರು. ಅದಕ್ಕೆ ಮುಂದೆ ಏನನ್ನೂ ಕೂಡಿಸಲಿಲ್ಲ. ಬೆಳಗಾಗುವುದರೊಳಗೆ ಹೋಗಿಬಿಟ್ಟರು.

ಮೊನ್ನೆ ಬೈಲಹೊಂಗಲದಲ್ಲಿ ಇಳಿದವನು ಸಂಪಗಾಂವಕ್ಕೂ ಹೋಗಿ ಬಂದೆ. ಅವರ ಮನೆ ಬಿದ್ದಿದೆ, ಕಟ್ಟೆ ಮಾತ್ರ ಉಳಿದಿದೆ. ಅಲ್ಲಿ ಕೂತಿದ್ದ ಹರೆಯದವರನ್ನು ಇದು ಯಾರ ಮನೆಯೆಂದು ಸುಮ್ಮನೆ ಕೇಳಿದೆ.

"ಒಬ್ಬ ಮಾಸ್ತರಂದಂತ್ರಿ. ಜರಿ ರುಮಾಲಿಗೆ ಆಸೆಪಟ್ಟು ಗೌಡರ ಕಡೆ ಸುಳ್ಳ ಹೇಳಿದವ."

ಹಾಗಲ್ಲವೆಂದು ನಾನು ಹೇಳಿದೆ. ನಡೆದದ್ದನ್ನೆಲ್ಲ ಬಿಡಿಸಿ ಹೇಳಿದೆ. ಮುದುಕನ ಮಾತೆಂದು ಮರ್ಯಾದೆಯಿಂದ ಕೇಳಿದರು, "ಹೌದ್ರಿ, ಹೌದ್ರಿ" ಎಂದರು. ನಾನು ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಹಿಂದೆ ನಗು ಕೇಳಿಸಿತು... ಮಾಸ್ತರರು ಹಂಗಲ್ಲ ಎನ್ನಲು ಈಗ ಉಳಿದವನು ನಾನೊಬ್ಬ.