ಚುಚ್ಚುಮದ್ದಿಗೆ ಮುಂಚೆ ಒಂದು ಮೊಟ್ಟೆ

ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಳ್ಳದೆ ಆಫ್ರಿಕಾದ ಆ ದೇಶದೊಳಗೆ ಕಾಲಿಡುವ ಹಾಗಿರಲಿಲ್ಲ. ಪೆರಂಬೂರಿನ ರೈಲ್ವೆ ಕಾರ್ಖಾನೆಯಲ್ಲಿದ್ದ ನನ್ನ ಗಂಡ, ಮದುವೆಯಾದ ವರ್ಷವೇ ಅಲ್ಲಿನ ರೈಲುಗಳ ರಿಪೇರಿಗೆಂದು ಹೋಗಿದ್ದರು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಪೆರಂಬೂರಿನ ಬಾಡಿಗೆ ಮನೆಯಲ್ಲಿ ನಾನು, ನನ್ನ ಅತ್ತೆ ಇಬ್ಬರೇ. ಆ ತಿಂಗಳೊಳಗೆ ನಾನು ಹೊರಡದಿದ್ದರೆ ಅವರನ್ನು ಅಲ್ಲಿಗೆ ಕಳಿಸಿದ್ದ ಕಂಪನಿ ಕೊಟ್ಟ ಟಿಕೆಟ್ ರದ್ದಾಗುತ್ತಿತ್ತು. ಆಮೇಲೆ ಗಂಡನ ಮುಖ ನೋಡಬೇಕಾದರೆ ಅವರ ಕೆಲಸದ ಅವಧಿ ಮುಗಿಯುವವರೆಗೂ ಕಾಯಬೇಕು.

ಅಷ್ಟು ಹೊತ್ತಿಗಾಗಲೇ ನನಗೆ ಸಾಕಾಗಿ ಹೋಗಿತ್ತು. ಪಾಸ್‌ಪೋರ್ಟಿಗೆ ಅಲೆದಾಟ, ವೀಸಾಕ್ಕೆ ಅಲೆದಾಟ. ಕಾಲರಾ ಸೂಜಿ ಚುಚ್ಚಿಸಿಕೊಂಡು ಬಂದು ತೋಳು ಬಾತು, ಜ್ವರದಲ್ಲೇ ನೀರಿಗೆ ಬೀದಿ ಪಂಪು ಹೊಡೆದಿದ್ದೆ. ಗಂಡ ಪ್ರತಿ ಕಾಗದದಲ್ಲೂ ಎಚ್ಚರಿಕೆ ಹೇಳುತ್ತಿದ್ದರು: ಇಲ್ಲಿ ನೀರು ಕುದಿಸಿಯೇ ಕುಡಿಯಬೇಕು, ಸೊಳ್ಳೆಪರದೆ ಇಲ್ಲದೆ ಮಲಗಬಾರದು, ಮಲೇರಿಯಾ ಮಾತ್ರೆಯನ್ನು ಹೊರಡುವ ಮುಂಚಿನಿಂದಲೇ ವಾರಕ್ಕೊಮ್ಮೆ ನುಂಗಬೇಕು. ಸೊಳ್ಳೆ ವಿಷಯವನ್ನು ಪೆರಂಬೂರಿನಲ್ಲಿ ಹುಟ್ಟಿ ಬೆಳೆದವಳಿಗೆ ಹೇಳುತ್ತಿದ್ದಾರಲ್ಲ ಎಂದು ಸಿಟ್ಟು ಬರುತ್ತಿತ್ತು. ಆದರೂ ಆ ಕಹಿ ಮಾತ್ರೆಯನ್ನು ಬೆಲ್ಲದ ಚೂರಿನ ಜೊತೆ ನುಂಗಿಕೊಂಡಿದ್ದೆ.

ಹಳದಿ ಜ್ವರದ ಸೂಜಿ ಹಾಕುವ ಕಡೆ ವಾರಕ್ಕೆ ಒಂದೇ ದಿನ ಬಾಗಿಲು ತೆರೆಯುತ್ತಿತ್ತು. ಎರಡು ಬಸ್ಸು ಬದಲಾಯಿಸಿ, ಬೆವರಿನಲ್ಲಿ ತೊಯ್ದು ಹೋಗಿ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಡಾಕ್ಟರು ತಮಿಳಿನಲ್ಲಿ, ಮೊಟ್ಟೆ ತಿಂದರೆ ಮೈಮೇಲೆ ದದ್ದು, ಉಬ್ಬಸ ಏನಾದರೂ ಆಗುತ್ತದೆಯೇ ಎಂದು ಕೇಳಿದರು.

"ತಿಂದದ್ದೇ ಇಲ್ಲ, ಸಾರ್."

"ಕೇಕು?"

"ಅದೂ ಇಲ್ಲ. ನಮ್ಮ ಮನೇಲಿ ಯಾರೂ ತಿಂದಿಲ್ಲ."

ಹೆಮ್ಮೆಯಿಂದಲೇ ಹೇಳಿದೆ ಅಂತ ಕಾಣುತ್ತದೆ. ಅವರು ಪೆನ್ನು ಕೆಳಗಿಟ್ಟರು. ಈ ಔಷಧಿಯನ್ನು ಮೊಟ್ಟೆಯೊಳಗೇ ಬೆಳೆಸುತ್ತಾರೆ, ಮೊಟ್ಟೆ ಒಗ್ಗದವರಿಗೆ ಕೊಟ್ಟರೆ ಜೀವಕ್ಕೇ ಅಪಾಯ, ನಿಮಗೆ ಒಗ್ಗುತ್ತದೋ ಇಲ್ಲವೋ ನಿಮಗೇ ಗೊತ್ತಿಲ್ಲವಲ್ಲ ಎಂದರು. ಒಂದು ಮೊಟ್ಟೆ ತಿಂದು ನೋಡಿ, ಏನೂ ಆಗದಿದ್ದರೆ ಮುಂದಿನ ವಾರ ಬನ್ನಿ. ಒಂದು ಲೋಟ ಕಾಫಿ ಕುಡಿದು ಬನ್ನಿ ಎಂದಷ್ಟೇ ಸಲೀಸಾಗಿ ಹೇಳಿಬಿಟ್ಟರು.

ನಮ್ಮದು ಈರುಳ್ಳಿಯೂ ಒಳಗೆ ಬರದ ಮನೆ. ಅತ್ತೆ ಮಡಿಯಲ್ಲಿದ್ದರೆ ನನ್ನ ಸೆರಗು ತಾಗಿದರೂ ಮತ್ತೆ ಸ್ನಾನಕ್ಕೆ ಹೋಗುವವರು. ಹಿಂದಿನ ಬೀದಿಯ ಕ್ರಿಶ್ಚಿಯನ್ ಟೀಚರಮ್ಮನ ಮನೆಯಲ್ಲಿ ಗುಟ್ಟಾಗಿ ತಿಂದು ಬಂದರಾಯಿತು ಎಂದು ಬಸ್ಸಿನಲ್ಲೇ ತೀರ್ಮಾನ ಮಾಡಿದ್ದೆ. ಆದರೆ ಮನೆಗೆ ಬಂದು ಕೂತಾಗ ಅತ್ತೆ "ಚುಚ್ಚಿದ್ರೇನೇ?" ಅಂದರು. ಸುಳ್ಳು ಹೇಳುವಷ್ಟು ತ್ರಾಣವೂ ಇರಲಿಲ್ಲ. ಟೀಚರಮ್ಮನ ಮನೆಯ ಯೋಚನೆಯನ್ನೂ ಸೇರಿಸಿ ಎಲ್ಲ ಹೇಳಿಬಿಟ್ಟೆ.

ಅವರು ನನಗೆ ಕುಡಿಯಲು ನೀರು ತಂದಿಟ್ಟರು. ಆಮೇಲೆ ಅಂದರು: "ಅಲ್ಲಿ ತಿಂದು ನಿಂಗೇನಾದ್ರೂ ಹೆಚ್ಚು ಕಮ್ಮಿ ಆದ್ರೆ ಪಾಪ ಆ ಹೆಂಗ್ಸು ಎಲ್ಲಿಗ್ ಓಡ್ತಾಳೆ? ಏನಾಗೋದಿದ್ರೂ ನನ್ ಕಣ್ಮುಂದೆ ಆಗ್ಲಿ. ಮುಟ್ಟೈ ತೊಗೊಂಡ್ ಬಾ, ಇಲ್ಲೇ ಬೇಯ್ಸೋಣ." ಮೊಟ್ಟೆ ಎನ್ನಲು ಬಾಯಿ ಬಾರದೆ ಆ ಒಂದು ಮಾತನ್ನು ತಮಿಳಿನಲ್ಲಿ ಹೇಳಿದರು.

ಮಾರನೆಯ ದಿನ ಹಿತ್ತಿಲಲ್ಲಿ ಇಟ್ಟಿಗೆ ಜೋಡಿಸಿ, ಹಳೆಯ ವನಸ್ಪತಿ ಡಬ್ಬಿಯಲ್ಲಿ ನೀರಿಟ್ಟು, ತೆಂಗಿನ ಗರಿಯ ಉರಿ ಹಾಕಿದರು. ಎಷ್ಟು ಹೊತ್ತು ಬೇಯಿಸಬೇಕೆಂದು ಇಬ್ಬರಿಗೂ ಗೊತ್ತಿಲ್ಲ. ತೊಗರಿಬೇಳೆ ಬೇಯಿಸಿದ ಹಾಗೆ ಬೇಯಿಸಿದರು. ಚಿಪ್ಪು ಒಡೆದು ಬಿಳಿ ನೊರೆ ಬಂದರೂ ಉರಿ ಆರಿಸಲಿಲ್ಲ. ಅದು ರಬ್ಬರಿನಂತಾಗಿತ್ತು. ಅತ್ತೆ ಮುಖ ತಿರುಗಿಸಿಕೊಂಡು ಕೂತರು, ನಾನು ಉಪ್ಪು ಮೆಣಸು ಹಚ್ಚಿಕೊಂಡು, ಮೂಗು ಹಿಡಿದು ನುಂಗಿದೆ.

ಆಮೇಲೆ ಹಜಾರದಲ್ಲಿ ಚಾಪೆ ಹಾಸಿ ನನ್ನನ್ನು ಮಲಗಿಸಿದರು. ಪಕ್ಕದಲ್ಲಿ ಕೂತು ನನ್ನ ಮಣಿಕಟ್ಟು ಹಿಡಿದುಕೊಂಡರು. ಎಂದೂ ಹಾಗೆ ಮುಟ್ಟಿದವರಲ್ಲ. ಆಗಾಗ ಕತ್ತು ನೋಡುವರು, ತೋಳು ತಿರುಗಿಸಿ ನೋಡುವರು. "ಉಸಿರು ಸರಿಯಾಗಿ ಆಡ್ತಾ ಇದ್ಯಾ?" ಎಂದು ಕೇಳುವರು.

ನಾನು ಹೊರಟರೆ ಆ ಮನೆ ಖಾಲಿ ಮಾಡಬೇಕಿತ್ತು. ಅವರು ಕೊಯಮತ್ತೂರಿಗೆ, ಮಗಳ ಮನೆಗೆ ಹೋಗಬೇಕಿತ್ತು. ಅಳಿಯನ ಮನೆಯಲ್ಲಿ ಹಂಗಿನ ಅನ್ನ ತಿನ್ನುವುದಕ್ಕಿಂತ ಸಾಯುವುದೇ ಮೇಲು ಎಂದು ಎಷ್ಟೋ ಸಲ ಅಂದಿದ್ದರು. ನನ್ನ ಮೈಮೇಲೆ ಒಂದೇ ಒಂದು ದದ್ದು ಎದ್ದಿದ್ದರೆ ಅವರು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಅವರ ಕಣ್ಣನ್ನು ನೋಡಲು ನನಗೆ ಭಯವಾಯಿತು.

ಸಂಜೆ ಬೀದಿಯಲ್ಲಿ ಪಂಪಿನ ಸದ್ದು ಶುರುವಾಯಿತು. ಅತ್ತೆ ಇನ್ನೊಮ್ಮೆ ನನ್ನ ಎರಡೂ ತೋಳು ನೋಡಿದರು.

"ಏನೂ ಆಗ್ಲಿಲ್ಲ," ಅಂದರು. "ನಾಳೇನೇ ಅವನಿಗೆ ಬರ್ದು ಹಾಕು, ಬರ್ತೀನಿ ಅಂತ."

ನನಗೆ ಅಳು ಬಂತು. ನೀರಿಗೆ ಹೋಗಬೇಕೆಂದು ಏಳಲು ನೋಡಿದೆ. ಅವರು ಇನ್ನೂ ಸ್ವಲ್ಪ ಹೊತ್ತು ನನ್ನ ಕೈ ಬಿಡಲಿಲ್ಲ.