ದಾರ ಕಟ್ಟಿದ ತಂಬೂರಿ

ಮೇಧಾ, ಶ್ರೀಧರ, ನೀವು ಕನ್ನಡ ಓದಲು ಕಲಿತ ಮೇಲೆ ಇದನ್ನು ಓದಿ. ಪವಾಡ, ದೆವ್ವ ಎಂದರೆ ನಗುತ್ತಿದ್ದವಳು ನಾನು. ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವಳಾದರೂ ಅಷ್ಟು ಬುದ್ಧಿ ನನಗಿತ್ತು. ಆದರೆ ಇದು ನಡೆದದ್ದು. ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ರೈಲ್ವೆಯಲ್ಲಿ ಗುಮಾಸ್ತರಾಗಿದ್ದ ನಿಮ್ಮ ತಾತ ಬೆಳಿಗ್ಗೆ ತಂಬೂರಿ ಮೀಟಿ ಎರಡು ಕೀರ್ತನೆ ಹಾಡದೆ ಕಾಫಿ ಮುಟ್ಟುತ್ತಿರಲಿಲ್ಲ. ಅವರು ಹೋದ ಹದಿಮೂರನೆಯ ದಿನ, ನಮ್ಮ ಮನೆಯ ಪದ್ಧತಿಯಂತೆ, ನಾನೇ ಅದರ ನಾಲ್ಕೂ ತಂತಿ ಬಿಚ್ಚಿದೆ. ಮನೆಯಲ್ಲಿ ಇನ್ನೊಬ್ಬರು ಹಾಡಲು ಕೂರುವವರೆಗೆ ಅದು ಹಾಗೆಯೇ ಇರಬೇಕು.

ಆಗ ನೀವಿನ್ನೂ ಹುಟ್ಟಿರಲಿಲ್ಲ. ಮನೆಗೆ ಹೊಸದಾಗಿ ಸೆಲ್ ಫೋನ್ ಬಂದಿತ್ತು. ನಿಮ್ಮ ಅಪ್ಪ ನನ್ನನ್ನು ಒಂದು ಮಾತೂ ಕೇಳದೆ ತಂಬೂರಿಯನ್ನು ಇಲ್ಲಿನ ತಮಿಳು ಸಿನಿಮಾದವರಿಗೆ ಕೊಟ್ಟುಬಿಟ್ಟ. ಹಿಂದಿನ ಕಾಲದ ಒಬ್ಬ ವಾಗ್ಗೇಯಕಾರರ ಜೀವನದ ಚಿತ್ರವಂತೆ. "ಎರಡು ದಿನ ಅಷ್ಟೇಮ್ಮಾ, ಸುಮ್ನೆ ತೊಡೆ ಮೇಲಿಟ್ಕೋತಾರೆ" ಎಂದ. ನಂಬಿಕೆಯಾಗದೆ ವಡಪಳನಿಯ ಸ್ಟುಡಿಯೋಗೆ ಅವನ ಜೊತೆ ನಾನೂ ಹೋದೆ.

ಅಲ್ಲಿ ತಂತಿಯ ಜಾಗದಲ್ಲಿ ಬೆಳ್ಳಿ ಬಣ್ಣ ಬಳಿದ ಹೊಲಿಗೆ ದಾರ ಕಟ್ಟಿದ್ದರು. ಸಂಗೀತವೆಲ್ಲ ಟೇಪಿನದು. ವಾಗ್ಗೇಯಕಾರನ ವೇಷದ ನಟ ಅದನ್ನು ತುರಿಕೆ ಬಂದವನಂತೆ ಕೆರೆಯುತ್ತಿದ್ದ. ಊಟದ ಹೊತ್ತಿಗೆ ಸ್ವಲ್ಪ ಮೊದಲು ಸಹಾಯಕನೊಬ್ಬ ನನ್ನ ಬಳಿ ಬಂದು ನಗುತ್ತ, "ಪಾಟ್ಟಿ, ಅಡುತ್ತ ಶಾಟ್ ಪಾರುಂಗ. ಇದ ತೂಣ್‌ಲ ಅಡಿಚ್ಚು ಒಡೆಕ್ಕಪ್ಪೋರೋಂ" ಎಂದ. ಮುಂದಿನ ಶಾಟಿನಲ್ಲಿ ರಾಜನ ಆಳು ತಂಬೂರಿಯನ್ನು ಕಂಬಕ್ಕೆ ಬಡಿದು ಒಡೆಯುತ್ತಾನಂತೆ!

ನಿಮ್ಮ ಅಪ್ಪನ ಮುಖ ನೋಡಿದೆ. "ಹೊಸದು ಕೊಡಿಸ್ತಾರಂತಮ್ಮಾ" ಎಂದು ತಲೆ ತಗ್ಗಿಸಿದ. ಅವನಿಗೆ ಮೊದಲೇ ಗೊತ್ತಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ಅಷ್ಟು ಗಂಡಸರ ನಡುವೆ ಬಾಯಿ ಏಳಲಿಲ್ಲ.

ಆಗ ಶ್ರುತಿ ಕೇಳಿಸಿತು. ಮೂವತ್ತು ವರ್ಷ ಒಲೆಯ ಮುಂದೆ ನಿಂತು ಕೇಳಿದ ಶ್ರುತಿ ಅದು. ಅದರ ಗುರುತು ನನಗೆ ತಪ್ಪುವುದಿಲ್ಲ. ಟೇಪು ನಿಲ್ಲಿಸು ಎಂದು ನಿರ್ದೇಶಕ ರೇಗಿದ: "ಟೇಪ್ಪ ನಿರುತ್ತುಯ್ಯಾ!" ಟೇಪಿನವನು ಕಿತ್ತ ವೈರನ್ನು ಎತ್ತಿ ತೋರಿಸಿ, "ಸಾರ್, ಓಡವೇ ಇಲ್ಲ" ಎಂದ; ಟೇಪು ಓಡುತ್ತಲೇ ಇರಲಿಲ್ಲ. ನಟ ಎರಡೂ ಕೈ ಮೇಲೆತ್ತಿದ. ದಾರ ಅಲುಗುತ್ತಿರಲಿಲ್ಲ. ನಾದ ಮಾತ್ರ ನಿಲ್ಲಲಿಲ್ಲ.

ನಾನು ನೇರವಾಗಿ ಹೋಗಿ ಅವನ ತೊಡೆಯ ಮೇಲಿಂದ ತಂಬೂರಿ ಎತ್ತಿಕೊಂಡೆ. "ಇದು ನನ್ ಯಜಮಾನರದು! ಯಾವನಾದ್ರೂ ಮುಟ್ಟಿ ನೋಡ್ರೋ!" ಎಂದು ಕೂಗಿದೆ. ಕನ್ನಡ ಬಾರದ ಜನ, ಆದರೂ ಎಲ್ಲರೂ ದಾರಿ ಬಿಟ್ಟರು. ಎತ್ತಿಕೊಂಡ ಕೂಡಲೇ ನಾದ ನಿಂತಿತ್ತು.

ಆಟೋದಲ್ಲಿ ನಿಮ್ಮ ಅಪ್ಪ, "ಆ ಸದ್ದು ಪಕ್ಕದ ಶೂಟಿಂಗಿಂದ ಬಂದಿರ್ಬೇಕಮ್ಮಾ" ಎಂದ.

"ಹಾಗಾದ್ರೆ ನೀನ್ಯಾಕೋ ನಡುಗ್ತಿದ್ದೀಯ?" ಎಂದೆ. ಅವನು ರಸ್ತೆಯ ಕಡೆ ಮುಖ ತಿರುಗಿಸಿಕೊಂಡ.

ಹೊಲಿಗೆ ದಾರ ನುಡಿಯುವುದಿಲ್ಲ, ಅಷ್ಟು ನನಗೂ ಗೊತ್ತು. ಹಾಗಾದರೆ ನಾವೆಲ್ಲ ಕೇಳಿದ್ದೇನು? ಇಷ್ಟು ವರ್ಷವಾದರೂ ನನಗೆ ತಿಳಿದಿಲ್ಲ. ನಿಮ್ಮ ಅಪ್ಪನೋ, ಈಗ ಕೇಳಿದರೆ ತನಗೆ ಏನೂ ಕೇಳಿಸಲೇ ಇಲ್ಲ ಎನ್ನುತ್ತಾನೆ. ಅದಕ್ಕೇ ಬರೆದಿಟ್ಟೆ. ಈ ಹಾಳೆಗಳನ್ನು ನೀವಿಬ್ಬರೇ ಜೋಪಾನ ಮಾಡಿ. ಅವನ ಕೈಗೆ ಮಾತ್ರ ಕೊಡಬೇಡಿ.