ಭಾಷ್ಯದ ದರ್ಜಿ ಸುಮ್ಮನಾದದ್ದು

ಆ ಬೀದಿಯಲ್ಲಿ ದರ್ಜಿಗೆ ಭಾಷ್ಯ ಎಂದೇ ಹೆಸರು. ಕತ್ತರಿ ಆಡಿಸುತ್ತಲೇ ಆತ್ಮ, ಮನಸ್ಸು, ಮೌನ ಎಂದು ಶುರು ಹಚ್ಚಿಕೊಂಡನೆಂದರೆ, ಅಳತೆ ಕೊಡಲು ಬಂದವನು ಮಾತು ಮುಗಿಯುವ ತನಕ ಎರಡೂ ಕೈ ಅಗಲಿಸಿಕೊಂಡೇ ನಿಂತಿರಬೇಕು. ಶಾಲೆಯ ಮೆಟ್ಟಿಲು ಹೆಚ್ಚು ಹತ್ತಿದವನಲ್ಲ. ಆದರೆ ಅಧ್ಯಾತ್ಮದ ಪುಸ್ತಕಗಳನ್ನು ಅರೆದು ಕುಡಿದಿದ್ದ. ಯಾವ ಜ್ಞಾನಿ ಏನು ಹೇಳಿದ, ಇನ್ನೊಬ್ಬ ಬಂದು ಅದನ್ನು ಹೇಗೆ ಅಲ್ಲಗಳೆದ, ಎಲ್ಲ ನಾಲಿಗೆಯ ತುದಿಯಲ್ಲಿ. ಸಂಜೆ ಅಂಗಡಿಯ ಜಗಲಿಯ ಮೇಲೆ ನಾಲ್ಕು ಜನ ಸೇರಿ ಕೇಳುತ್ತಿದ್ದರು. ಸಂಶಯ ಇಟ್ಟುಕೊಂಡು ಬಂದವನು ಉತ್ತರವಿಲ್ಲದೆ ಹೋದದ್ದಿಲ್ಲ, ಬೇಗ ಹೋದದ್ದೂ ಇಲ್ಲ.

ಒಂದು ಗುಟ್ಟನ್ನು ಮಾತ್ರ ಅವನು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದ. ತಾನು ಬಣ್ಣಿಸುವುದರಲ್ಲಿ ಒಂದೂ ತನಗೆ ಆಗಿರಲಿಲ್ಲ. ಬೆಳಗ್ಗೆ ಎದ್ದು ಕಣ್ಣು ಮುಚ್ಚಿ ಕೂತು ನೋಡಿದ್ದಾನೆ. ಕಂಡದ್ದು ಗಿರಾಕಿಯೊಬ್ಬನ ಪ್ಯಾಂಟು, ಹಿಂದಿನ ದಿನ ತುಂಡಾಗಿ ಕತ್ತರಿಸಿಟ್ಟದ್ದು.

ಗಂಡ ತೀರಿಕೊಂಡ ಮೇಲೆ ಅಕ್ಕ ಇವನ ಜೊತೆಗೇ ಇದ್ದಳು. ಅಂಗಡಿಯ ಕಿಟಕಿ ಅವಳ ಜಾಗ. ಗುಂಡಿ ತೂರುವ ಸೀಳಿನ ಅಂಚಿಗೆ ದಾರ ಸುತ್ತಿ ಹೊಲಿಯುವ ಕಾಜಾ ಕೆಲಸ ಅವಳದು. ತಮ್ಮ ಬಾಯಿ ತೆರೆದರೆ, "ಶುರುವಾಯ್ತು ನೋಡು ಮಿಷನ್ನು, ಎಣ್ಣೆ ಬೇರೆ ಬೇಡ ಇದಕ್ಕೆ" ಎಂದು ಗೊಣಗಿ ಸೂಜಿಗೆ ದಾರ ಪೋಣಿಸುವಳು.

ಆ ಸಲ ಬ್ಯಾಂಡಿನವರ ಕೋಟುಗಳು ಬಂದಿದ್ದವು. ದಪ್ಪ ಕೆಂಪು ಬಟ್ಟೆ, ಎದೆಯ ತುಂಬ ಹಿತ್ತಾಳೆ ಗುಂಡಿ, ತೋಳಿಗೂ ಗುಂಡಿ. ಒಂದು ಮಧ್ಯಾಹ್ನ ಅಕ್ಕ ಇದ್ದಕ್ಕಿದ್ದಂತೆ ಸೂಜಿ ಕೆಳಗಿಟ್ಟಳು.

"ತಮ್ಮಾ, ಒಂದು ಕೇಳ್ತೀನಿ, ನಗಬಾರದು."

"ಕೇಳಕ್ಕ."

"ಈಗ ಈ ತೋಳಿಗೆ ಕಾಜಾ ಹಾಕ್ತಿದ್ದೆನಲ್ಲ. ಕೈ ತನ್ನ ಪಾಡಿಗೆ ಹೊಲೀತಿತ್ತು, ನಾನು ಮಾತ್ರ ಎಲ್ಲೂ ಇರಲಿಲ್ಲ ಕಣೋ. ಎದುರುಗಡೆ ಸೈಕಲ್ ಅಂಗಡಿಯವನ ಸುತ್ತಿಗೆ ಸದ್ದು, ಬಿಸಿಲು, ಈ ಬಟ್ಟೆ, ಎಲ್ಲಾ ಸೇರಿ... ಹೇಗೆ ಹೇಳೋದು, ಮಗುವನ್ನ ಯಾರೋ ಎತ್ಕೊಂಡ ಹಾಗಿತ್ತು. ಮುಂಚೇನೂ ಆಗಿದೆ. ತಲೆಗೇನಾದ್ರೂ ಬಂದಿದ್ಯಾ? ಡಾಕ್ಟರಿಗೆ ತೋರಿಸ್ಲಾ?"

ಭಾಷ್ಯ ಕತ್ತರಿ ಕೆಳಗಿಟ್ಟ. ಬದುಕೆಲ್ಲ ತಾನು ಬಾಗಿಲು ತಟ್ಟುತ್ತಾ ನಿಂತ ಮನೆಯೊಳಗೆ ಅಕ್ಕ ಕೇಳದೆಯೇ ಹೋಗಿ ಕೂತು ಬಂದಿದ್ದಾಳೆ! ಹೊಟ್ಟೆಕಿಚ್ಚಾದದ್ದು ಸುಳ್ಳಲ್ಲ. ಆದರೆ ಹೊಟ್ಟೆಗಿಂತ ನಾಲಿಗೆ ಮುಂದಿತ್ತು. ಇದಕ್ಕೆ ಇಂಥ ಹೆಸರಿದೆ, ಇದರಲ್ಲಿ ಇಷ್ಟು ಮೆಟ್ಟಿಲುಗಳಿವೆ, ನೀನಿರುವುದು ಇಂಥ ಮೆಟ್ಟಿಲಲ್ಲಿ, ಮುಂದಿನ ಸಲ ಬಂದಾಗ ಉಸಿರು ಹೇಗಿರುತ್ತದೆ ಗಮನಿಸು ಎಂದೆಲ್ಲ ಬಿಡಿಸಿ ಬಿಡಿಸಿ ಹೇಳಿದ. ಹೊರಗೆ ಬಿಸಿಲು ಇಳಿಯಿತು.

"ಅಷ್ಟೆಲ್ಲಾ ಇದ್ಯಾ ಅದರಲ್ಲಿ?" ಎಂದಳು ಅಕ್ಕ, ಸಣ್ಣ ದನಿಯಲ್ಲಿ.

ಮಾರನೆಯ ದಿನದಿಂದ ಅವಳು ಕೂರುವ ಭಂಗಿಯೇ ಬದಲಾಯಿತು. ಬೆನ್ನು ನೆಟ್ಟಗೆ, ಹುಬ್ಬು ಗಂಟು. ಸೂಜಿ ಚುಚ್ಚುವಳು, ತಡೆಯುವಳು, ತನ್ನ ಉಸಿರಿಗೆ ತಾನೇ ಕಿವಿಗೊಡುವಳು. ಕಣ್ಣು ಕಟ್ಟಿದರೂ ತಪ್ಪದ ಕೈ ಅವಳದು. ಈಗ ಹೊಲಿಗೆ ಹಲ್ಲು ಕಿರಿಯತೊಡಗಿತು.

ಕೋಟು ಹೇಗಾಗಿದೆ ನೋಡಲು ಬ್ಯಾಂಡ್ ಮೇಷ್ಟ್ರು ಬಂದರು. ಒಂದು ಕಾಜಾದೊಳಗೆ ಹೆಬ್ಬೆರಳು ತೂರಿಸಿ ಆಚೆ ಬದಿಯಲ್ಲಿ ಅಲ್ಲಾಡಿಸಿದರು. "ಅಕ್ಕಾ, ಇದು ಗುಂಡಿಗೋ, ನಮ್ಮ ಡ್ರಮ್ಮಿನ ಕೋಲಿಗೋ?"

ಭಾಷ್ಯ ನಕ್ಕ. ಅಕ್ಕ ನಗಲಿಲ್ಲ. ಮೇಷ್ಟ್ರು ಹೋದ ಮೇಲೆ ಕೋಟನ್ನು ಮಡಿಸಿ ತಮ್ಮನ ಮುಂದಿಟ್ಟಳು.

"ಇನ್ಮೇಲೆ ಕಾಜಾ ಬೇರೆಯವರಿಗೆ ಕೊಡು. ನನ್ನಿಂದಾಗಲ್ಲ."

"ಯಾಕಕ್ಕಾ?"

"ಹೊಲಿಯೋಕೆ ಕೂತ್ರೆ ನನ್ನನ್ನ ನಾನೇ ಕಾಯ್ತಾ ಕೂರ್ತೀನಿ, ಕಳ್ಳನ್ನ ಕಾದ ಹಾಗೆ. ಮೊದಲು ಅದು ತಾನಾಗೇ ಬರ್ತಿತ್ತು, ಹೋಗ್ತಿತ್ತು. ನೀನು ಹೆಸರು ಹಿಡಿದು ಕರೆದ್ಯಲ್ಲ, ಆವತ್ತಿಂದ ಈ ಕಡೆ ತಲೆ ಹಾಕಿಲ್ಲ."

ಭಾಷ್ಯ ಕಪಾಟು ತೆಗೆದ. ಪುಸ್ತಕ ತಿರುವಿದ. ಉತ್ತರ ಅಲ್ಲೂ ಇತ್ತು, ಇಲ್ಲದೆ ಏನು. "ಬೇಕು ಅನ್ನೋದೇ ಅಡ್ಡಿ ಅಕ್ಕಾ. ಬೇಕು ಅನ್ನೋದನ್ನ ಬಿಟ್ಟುಬಿಡು."

"ಹೌದಾ? ಹಂಗಾದ್ರೆ ಇನ್ನು ಬೇಕು ಅಂತಿದೀನಾ, ಬಿಟ್ಟೆನಾ ಅಂತ ಅದನ್ನೂ ಕಾಯ್ಬೇಕು!" ಎಂದು ಅವಳು ಒಳಗೆ ಹೋದಳು.

ಪುಸ್ತಕ ತೊಡೆಯ ಮೇಲೆ ಹಾಗೇ ಉಳಿಯಿತು. ತಪ್ಪು ಹೊಲಿಗೆಯಾದರೆ ಬಿಚ್ಚಿ ಮತ್ತೆ ಹಾಕಬಹುದು. ಅದಕ್ಕೆ ಕೊಕ್ಕೆ ಇದೆ, ಬ್ಲೇಡು ಇದೆ. ಅಕ್ಕನ ಕಿವಿಗೆ ಹಾಕಿದ ಮಾತನ್ನು ಯಾವುದರಿಂದ ಬಿಚ್ಚುವುದು? ಇನ್ನೊಂದು ಮಾತಿನಿಂದ ಆಗದು ಎಂಬುದು ಈಗಷ್ಟೇ ಗೊತ್ತಾಗಿತ್ತು. ಆ ಸಂಜೆ ಜಗಲಿಗೆ ಬಂದವರಿಗೆ ಮೈ ಸರಿಯಿಲ್ಲ ಎಂದು ಹೇಳಿ ಕಳಿಸಿದ.

ಬೆಳಗ್ಗೆ ಕತ್ತರಿಸುವ ಮೇಜು ಬಿಟ್ಟು, ಸ್ಟೂಲನ್ನು ಕಿಟಕಿಯ ಹತ್ತಿರ ಎಳೆದು, ಕೋಟೊಂದನ್ನು ತೊಡೆಯ ಮೇಲೆ ಹಾಕಿಕೊಂಡು ಕೂತ. ಒಳಗಿಂದ ಅಕ್ಕ ಇಣುಕಿದಳು.

"ಇದೇನು ವೇಷ?"

"ಬೇರೆಯವರಿಗೆ ಕೊಡು ಅಂದ್ಯಲ್ಲ. ನಾನೇ ಆ ಬೇರೆಯವನು." ದಾರ ಪೋಣಿಸಲು ಹೆಣಗುತ್ತಾ, ತಲೆ ಎತ್ತದೆ ಹೇಳಿದ, "ಅಕ್ಕಾ, ನಿನಗೆ ಆಯ್ತಲ್ಲ ಅದು, ನನಗೆ ಒಂದು ಸಲಾನೂ ಆಗಿಲ್ಲ."

"ಮತ್ತೆ ಅಷ್ಟುದ್ದ ಹೇಳಿದ್ಯಲ್ಲೋ, ಹೋಗಿ ಬಂದವನ ಹಾಗೆ!"

"ಓದಿದ್ದು."

ಅಕ್ಕ ಅವನ ಮುಖ ನೋಡಿದಳು. ಆಮೇಲೆ ನಗು ಬಂತು ನೋಡಿ, ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲದ ನಗು. "ಅಯ್ಯೋ ನಿನ್ನ! ಆ ಜಗಲಿಯವರು ಕೇಳಿಸ್ಕೊಂಡ್ರೆ ಹೊಲಿಯೋಕೆ ಕೊಟ್ಟ ಬಟ್ಟೆ ವಾಪಸ್ ಒಯ್ತಾರೆ!" ಕಣ್ಣೊರೆಸಿಕೊಳ್ಳುತ್ತಾ ಪಕ್ಕದಲ್ಲಿ ಕೂತು ಅವನ ಹೊಲಿಗೆ ನೋಡಿದಳು. "ಥೂ, ಕಾಜಾನಾ ಇದು? ಇಲಿ ಕಡಿದ ಹಾಗಿದೆ. ದಾರದ ಕುಣಿಕೆ ಅಂಚಿನ ಮೇಲೆ ಬರಬೇಕು. ಹೀಗೆ. ಎಳೀಬೇಡ್ವೋ, ಗಾಡಿಗೆ ಕಟ್ಟಿದ ಹಗ್ಗ ಅಲ್ಲ. ಕೊಡಿಲ್ಲಿ!"

ಅವನಿಗೆ ತೋರಿಸಲು ಒಂದು ಹಾಕಿದಳು. ಅವನು ಅದನ್ನು ನೋಡಿ ಒಂದು ಕೆಡಿಸಿದ. ಬೈಯುತ್ತಾ ಮತ್ತೊಂದು ಹಾಕಿದಳು. ತಮ್ಮನ ಕೈ ಕಾಯುವ ಭರದಲ್ಲಿ ತನ್ನನ್ನು ಕಾಯುವುದು ಅವಳಿಗೆ ಮರೆತೇ ಹೋಯಿತು. ಬೈಗುಳ ಗೊಣಗಾಟವಾಯಿತು, ಗೊಣಗಾಟ ಬರೀ ಹೂಂ ಆಯಿತು, ಆಮೇಲೆ ಅದೂ ನಿಂತಿತು. ಕೆಂಪು ಬಟ್ಟೆಯ ಮೇಲೆ ಕಾಜಾಗಳು ಒಂದರ ಪಕ್ಕ ಒಂದು, ಅಚ್ಚು ಹಾಕಿದಂತೆ ಮೂಡತೊಡಗಿದವು. ಅವಳ ಹುಬ್ಬಿನ ಗಂಟು ಸಡಿಲಾಗಿತ್ತು. ಭಾಷ್ಯ ಅದನ್ನು ಓರೆಗಣ್ಣಿನಿಂದ ನೋಡಿದ. ತುಟಿ ಬಿಗಿಹಿಡಿದು ತನ್ನ ಇಲಿ ಕಡಿದ ಕೆಲಸಕ್ಕೆ ಮರಳಿದ. ಅವನು ಹೊಲಿದ ಆ ಕೋಟು ಕಡೆಗೆ ಬ್ಯಾಂಡ್ ಮೇಷ್ಟ್ರ ಮೈಗೇ ಬಿತ್ತು, ಆ ಮಾತು ಬೇರೆ.

ಸೂಜಿ ಒಳಗೆ, ಸೂಜಿ ಹೊರಗೆ. ಎದುರಿನವನ ಸುತ್ತಿಗೆ ಟಣ್ ಟಣ್ ಎನ್ನುತ್ತಿತ್ತು. ಬಿಸಿಲು ಮೊಣಕಾಲಿನ ಮೇಲೆ ಬಂದು ಕೂತಿತ್ತು. ಎಷ್ಟು ಹೊತ್ತು ಹೋಯಿತೋ. ತಾನು ಕೂತಿದ್ದೇನೆ ಎಂದು ಅವನಿಗೆ ಮತ್ತೆ ನೆನಪಾದಾಗ ಕಣ್ಣಂಚು ಒದ್ದೆಯಾಗಿತ್ತು, ಕೈ ನಿಂತಿತ್ತು.

ನಾಲಿಗೆ ತುರಿಸಿತು. ಹೆಸರು ತುದಿಗೇ ಬಂದು ಕೂತಿತ್ತು, ಮೆಟ್ಟಿಲು ಸಮೇತ.

"ಏನೋ, ಏನಾಯ್ತು?" ಅಕ್ಕ ಕೇಳಿದಳು.

"ಏನಿಲ್ಲ. ದಾರ ಮುಗೀತು."

ಅಕ್ಕ ಅವನ ಸೂಜಿಯತ್ತ ನೋಡಿದಳು. ಗೇಣುದ್ದಕ್ಕೂ ಮಿಕ್ಕಿ ದಾರ ತೂಗಾಡುತ್ತಿತ್ತು.

"ಹೂಂ, ಮುಗೀತು" ಎಂದು ದಾರದ ಉಂಡೆಯನ್ನು ಅವನ ಕಡೆಗೆ ಉರುಳಿಸಿ, ಬಿಸಿಲು ತನಗೂ ಬೀಳುವಂತೆ ತುಸು ಹತ್ತಿರ ಸರಿದು ಕೂತಳು.